ದೀಪ ಆರಿಸುವ ಕ್ವಾಕು

ಕುಮಾಸಿ ನಗರದಲ್ಲಿ ಕಾರು ರಿಪೇರಿಯವರೆಲ್ಲ ಸೇರಿರುವ ಕೇರಿಗೆ ಮ್ಯಾಗಜೀನ್ ಎಂದು ಹೆಸರು. ಅಲ್ಲಿ ಕ್ವಾಕು ಬಾದುವಿನ ಶೆಡ್ಡಿಗೆ ಎದುರಾಗಿ ಕುಳಿತು ನಾನು ಹದಿನೇಳು ವರ್ಷದಿಂದ ಹುಳಿಹಿಟ್ಟು ಬೇಯಿಸಿದ ಕೆಂಕೆ ಉಂಡೆ, ಕರಿದ ಮೀನು ಮಾರುತ್ತಿದ್ದೇನೆ. ಹೀಗಾಗಿ ಅವನ ಎರಡು ಕಾಲವನ್ನೂ ಕಂಡವಳು.

ಮೊದಲ ಕಾಲದ ಕ್ವಾಕು ಬಾಯಿಬಡುಕ, ನಗುವಿನವನು, ಸ್ವಲ್ಪ ಜಂಬದವನು. ಕಾರಿನ ವೈರಿನ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸ್ಟಿಯರಿಂಗ್ ಹಿಂದೆ ಯಾವ ಬಣ್ಣದ ದೀಪ ಹತ್ತಿಕೊಂಡು ಡ್ರೈವರನ ಜೀವ ತಿನ್ನುತ್ತಿದ್ದರೂ ಒಂದೆರಡು ಗಂಟೆಯಲ್ಲಿ ಆರಿಸಿ ಕಳಿಸುತ್ತಿದ್ದ. ‘ದೀಪ ಆರಿಸುವ ಕ್ವಾಕು’ ಎಂದೇ ಕರೆಯುತ್ತಿದ್ದರು.

ಎರಡನೇ ಕಾಲದ ಕ್ವಾಕು ಬೇರೆಯೇ ಮನುಷ್ಯ. ಒಂದು ದೀಪಕ್ಕೆ ಒಂದು ದಿನ ತೆಗೆದುಕೊಳ್ಳುತ್ತಾನೆ. ಚಕ್ರದ ಸೆನ್ಸರ್ ಕೆಟ್ಟಿದೆ ಎಂದು ಪರೀಕ್ಷೆಯ ಯಂತ್ರವೇ ಹೇಳಿದರೂ ನಂಬುವುದಿಲ್ಲ. ಚಕ್ರದಿಂದ ಎಂಜಿನ್ನಿನವರೆಗೆ ವೈರನ್ನು ಗೇಣು ಗೇಣಾಗಿ ಬೆರಳಲ್ಲಿ ಮಣಿಸುತ್ತ, ಮೀಟರ್ ನೋಡುತ್ತ ಹೋಗುತ್ತಾನೆ. “ಏನು ಕ್ವಾಕು, ವೈರಿಗೆ ಎಣ್ಣೆ ಹಚ್ಚಿ ನೀವ್ತಿದ್ದೀಯಾ? ಹೆತ್ತು ಮಲಗಿದೆಯಾ ಅದು?” ಎಂದು ಡ್ರೈವರುಗಳು ಕೆಣಕುತ್ತಾರೆ. ಅವಸರದವರು ಬೇರೆ ಶೆಡ್ಡಿಗೆ ಹೋಗುತ್ತಾರೆ. ವಯಸ್ಸಾಯಿತು, ಕೈ ನಿಧಾನವಾಯಿತು ಎಂದು ನಾನೂ ಅಂದುಕೊಂಡಿದ್ದೆ.

ಆ ಎರಡು ಕಾಲಗಳ ನಡುವೆ ಒಂದು ಸಾವು ಇದೆ. ಅವನ ಅಣ್ಣ ಅಫ್ರಾನೆ ಟ್ಯಾಕ್ಸಿ ಓಡಿಸುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ, ಯಾರದೋ ಉತ್ತರಕ್ರಿಯೆ ಮುಗಿಸಿಕೊಂಡು ಮಳೆಯಲ್ಲಿ ಮಾಂಪೊಂಗಿನ ಇಳಿಜಾರು ಇಳಿಯುವಾಗ ಕಾರು ಜಾರಿ ಕಮರಿಗೆ ಬಿತ್ತು. ಸಾವಿನ ಮನೆಗೆಂದು ಉಟ್ಟ ಕಪ್ಪು ಬಟ್ಟೆಯಲ್ಲೇ ಅವನನ್ನು ತಂದರು. ಮಳೆ, ತಿರುವು, ಹಣೆಬರಹ ಎಂದರು ಜನ.

ನಮ್ಮಲ್ಲಿ ಸತ್ತವನ ಜಾಗಕ್ಕೆ ಒಡಹುಟ್ಟಿದವನನ್ನು ಕೂರಿಸುತ್ತಾರೆ. ಹಿರಿಯರು ಕ್ವಾಕುವನ್ನು ಕೂರಿಸಿದರು. ಅವನು ಅತ್ತಿಗೆಯನ್ನಾಗಲಿ ಬೇರೆ ಯಾರನ್ನಾಗಲಿ ಮದುವೆಯಾಗಲಿಲ್ಲ. ಅಣ್ಣನ ಹೆಂಡತಿ ಪೊಕುವಾಳ ಮನೆಯ ಸೂರು, ಮೂರು ಮಕ್ಕಳ ಶಾಲೆ, ಜ್ವರ, ಚಪ್ಪಲಿ ಎಲ್ಲವನ್ನೂ ಹೊತ್ತ. ತಮ್ಮನೆಂದರೆ ಹೀಗಿರಬೇಕು ಎಂದು ಕೇರಿಯೇ ಹೊಗಳುತ್ತಿತ್ತು. ಹೊಗಳಿದವರ ಮುಖವನ್ನು ಅವನು ನೋಡುತ್ತಿರಲಿಲ್ಲ.

ಗಂಡನ ತಮ್ಮನನ್ನೂ ‘ಗಂಡನೇ’ ಎಂದು ಚೇಷ್ಟೆಗೆ ಕರೆಯುವುದು ನಮ್ಮ ಹೆಂಗಸರ ರೂಢಿ. ಪೊಕುವಾ ದೂರದಿಂದಲೇ, “ಗಂಡನೇ, ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ, ಇಲ್ಲ ಗ್ರೀಸೇ ನೆಕ್ತಾ ಕೂತಿದ್ದೀಯಾ?” ಎಂದು ಕೂಗುತ್ತ ಬರುತ್ತಿದ್ದಳು. ಆ ಒಂದು ಮಾತಿಗೆ ಅವನ ಮುಖ ಅರಳಿ, ಮರುಗಳಿಗೆಯೇ ಬಾಡುತ್ತಿತ್ತು. ತನ್ನದೆಂಬುದು ಅವನಿಗೆ ಇನ್ನೇನಿತ್ತು? ಅರಳಿದ್ದು ನನಗೆ ಅರ್ಥವಾಗುತ್ತಿತ್ತು. ಬಾಡಿದ್ದು ಯಾಕೆಂದು ತಿಳಿದದ್ದು ಕಳೆದ ಮಳೆಗಾಲದ ಒಂದು ಗುರುವಾರ.

ಅಂದು ಪೊಕುವಾ ತನ್ನ ಹಿರಿಮಗಳು ಸೆರ್ವಾಳ ಕಾರು ತಂದಿದ್ದಳು. ಸೆರ್ವಾ ಟೀಚರು, ಆಗಷ್ಟೇ ಹಳೆಯ ಕಾರೊಂದನ್ನು ಕೊಂಡಿದ್ದಳು. ಶನಿವಾರ ಅವಳ ನಿಶ್ಚಿತಾರ್ಥ, ತಾಯಿಯ ತವರಾದ, ಮಾಂಪೊಂಗಿನ ಆಚೆಗಿರುವ ಎಜುರಾದಲ್ಲಿ. ಅಪ್ಪನ ಕುರ್ಚಿಯಲ್ಲಿ ಕೂರಬೇಕಾದವನು ಕ್ವಾಕು.

“ನಿನಗೆ ಬಿಳಿ ಬಟ್ಟೆ ಒಗೆದಿಟ್ಟಿದ್ದೀನಿ, ಗಂಡನೇ. ಮೊದಲು ಈ ಹಳದಿ ಕಣ್ಣು ಮುಚ್ಚಿಸು. ದಾರಿಯುದ್ದಕ್ಕೂ ನನ್ನನ್ನೇ ದುರುಗುಟ್ಟುತ್ತೆ,” ಎಂದು ಪೊಕುವಾ ನನ್ನ ಬೆಂಚಿನ ಮೇಲೆ ಕುಳಿತಳು.

ಒಂದೊಂದು ಚಕ್ರದ ಹಿಂದೆಯೂ ಬೆರಳುದ್ದದ ಸೆನ್ಸರ್ ಇರುತ್ತದೆ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬ ಸುದ್ದಿಯನ್ನು ಅದು ಬ್ರೇಕಿಗೆ ಮುಟ್ಟಿಸುತ್ತದೆ. ಆ ಸುದ್ದಿ ನಿಂತರೂ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರ ಕಚ್ಚಿಕೊಂಡು ಕಾರು ಹೇಳಿದ ಮಾತು ಕೇಳುವುದಿಲ್ಲ. ಹಳದಿ ದೀಪ ಕೊಡುವ ಎಚ್ಚರಿಕೆ ಅದೇ. ಎದುರಿಗೆ ಕೂತು ಕೂತು ನಾನೂ ಇಷ್ಟು ಕಲಿತಿದ್ದೇನೆ.

ಮುಂದಿನ ಎಡ ಚಕ್ರ ಎಂದಿತು ಯಂತ್ರ. ಕ್ವಾಕು ಚಕ್ರ ಬಿಚ್ಚಿ, ಸೆನ್ಸರಿನ ಪ್ಲಗ್ ಕಳಚಿ, ಮೀಟರ್ ಹಿಡಿದ. ಮುಳ್ಳು ಅಲುಗಲಿಲ್ಲ. ಬಲ ಚಕ್ರದ್ದಕ್ಕೆ ಹಿಡಿದರೆ ಮುಳ್ಳು ಸರಕ್ಕನೆ ಎದ್ದಿತು. ಸೆನ್ಸರ್ ಸತ್ತಿರುವುದು ಖಚಿತ. ಆದರೂ ಅವನು ಪ್ಲಗ್ಗಿನಿಂದ ಆಚೆಗಿನ ವೈರನ್ನು ಗೇಣು ಗೇಣಾಗಿ ಮಣಿಸಲು ತೊಡಗಿದ. ಅದು ಮುಗಿಯುವ ಹೊತ್ತಿಗೆ ಊಟದ ಹೊತ್ತಾಯಿತು. ಆಮೇಲೆ ಸೆನ್ಸರ್ ಕೀಳಲು ಹೋದರೆ ಅದು ತುಕ್ಕು ಹಿಡಿದು ಗೂಡಿನಲ್ಲಿ ಕಚ್ಚಿಕೊಂಡಿತ್ತು. ತಲೆ ಮುರಿದು ಕೈಗೆ ಬಂತು. ಉಳಿದದ್ದನ್ನು ಎಣ್ಣೆ ಬಿಟ್ಟು, ಸಣ್ಣ ಉಳಿಯಿಂದ ಚೂರುಚೂರಾಗಿ ತೆಗೆಯಬೇಕಾಯಿತು.

ಪೊಕುವಾಳಿಗೆ ಬೇಸರ ಬಂತು. ತಮಾಷೆಯಾಗಿಯೇ ಅಂದಳು: “ಮುದುಕ ಆಗ್ಬಿಟ್ಟೆ, ಗಂಡನೇ. ನಿಮ್ಮಣ್ಣಂದು ಇದೇ ದೀಪ ಹತ್ತಿತ್ತಲ್ಲ, ಆ ಶುಕ್ರವಾರ. ಒಂದೇ ಗಂಟೇಲಿ ಆರಿಸಿಕೊಟ್ಟಿದ್ದೆ. ಮನೆಗೆ ಬಂದು ಎಷ್ಟು ಹೊಗಳಿದ ಗೊತ್ತಾ? ನನ್ನ ತಮ್ಮನ ಕೈಯೇ ಕೈ ಅಂತ. ಇದನ್ನೂ ಹಾಗೇ ಮಾಡು, ಸಾಕು.”

ಉಳಿಯ ಸದ್ದು ನಿಂತಿತು.

ಕ್ವಾಕು ಎದ್ದು ಕೈ ಒರೆಸಿಕೊಂಡ. ಒಳಗೆ ಹೋಗಿ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದನ್ನು ತಂದು, ಅದರಿಂದ ಜೋಳದ ಕಾಳಿನಷ್ಟಿದ್ದ ಒಂದು ಬಲ್ಬನ್ನು ಅಂಗೈಗೆ ಸುರಿದುಕೊಂಡ. ಬಂದು ಅವಳೆದುರು ನೆಲದಲ್ಲಿ ಕುಳಿತ. ಕುರ್ಚಿ ಪಕ್ಕದಲ್ಲೇ ಇತ್ತು.

“ಅತ್ತಿಗೆ, ನಾನು ಅವತ್ತು ಅದನ್ನ ಸರಿ ಮಾಡಿರಲಿಲ್ಲ. ಈ ಬಲ್ಬ್ ಕಿತ್ತಿದ್ದೆ.”

ಆಮೇಲೆ ಹೇಳಿದ್ದನ್ನೆಲ್ಲ ತಲೆ ಎತ್ತದೆ ಹೇಳಿದ. ಆ ಶುಕ್ರವಾರ ಸೆನ್ಸರ್ ಬದಲಾಯಿಸಿದ್ದನಂತೆ. ಗಾಡಿ ಹತ್ತು ಮಾರು ಹೋಗುವಷ್ಟರಲ್ಲಿ ದೀಪ ಮತ್ತೆ ಹತ್ತಿತಂತೆ. ಸುತ್ತ ನಾಲ್ಕು ಫಿಟ್ಟರುಗಳು ನಿಂತು ನೋಡುತ್ತಿದ್ದರು. ‘ನನ್ನಿಂದ ಆಗಲಿಲ್ಲ’ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಸೋಮವಾರ ಕರೆಸಿ ಸದ್ದಿಲ್ಲದೆ ಸರಿಪಡಿಸಿದರಾಯಿತು ಎಂದುಕೊಂಡು ಬಲ್ಬ್ ಕಿತ್ತು ಜೇಬಿಗೆ ಹಾಕಿ, “ಆಯ್ತು ಅಣ್ಣ, ಇನ್ನು ಹೊಸ ಗಾಡಿ ಇದ್ದಂಗೆ” ಎಂದನಂತೆ. ಸಾವಿನ ನಂತರ ಜಜ್ಜಿಹೋದ ಕಾರನ್ನು ತನ್ನ ಶೆಡ್ಡಿಗೇ ತರಿಸಿಕೊಂಡ. ಅದು ನನಗೆ ನೆನಪಿದೆ, ಅಣ್ಣನ ನೆನಪಿಗೆ ಎಂದುಕೊಂಡಿದ್ದೆವು. ಬಿಚ್ಚಿ ನೋಡಿದರೆ, ಪ್ಲಗ್ಗಿನಿಂದ ಒಂದು ಗೇಣು ಮೇಲೆ ವೈರು ಒಳಗೆ ತುಂಡಾಗಿತ್ತು. ಹೊರಗಿನ ಸಿಪ್ಪೆ ನೆಟ್ಟಗಿತ್ತು. ಇನ್ನೊಂದು ಗೇಣು ತಡವಿದ್ದರೆ ಸಿಗುತ್ತಿತ್ತು.

ಪೊಕುವಾ ಆ ಬಲ್ಬನ್ನು ನೋಡಿದಳು. ಮುಟ್ಟಲಿಲ್ಲ.

“ಅದು ಸರಿ ಇದ್ದಿದ್ರೆ ಅವನು ಬದುಕ್ತಿದ್ನಾ?”

“ಗೊತ್ತಿಲ್ಲ, ಅತ್ತಿಗೆ. ಹನ್ನೊಂದು ವರ್ಷದಿಂದ ಅದೇ ಗೊತ್ತಾಗ್ತಿಲ್ಲ. ಕೆಟ್ಟಿದೆ ಅಂತ ಗೊತ್ತಿದ್ದಿದ್ರೆ ಇಳಿಜಾರಲ್ಲಿ ನಿಧಾನ ಹೋಗ್ತಿದ್ದ. ಅಷ್ಟು ಮಾತ್ರ ಗೊತ್ತು.”

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. “ಹಿಡಿದ ಕೆಲಸ ಮುಗಿಸು” ಎಂದಳು, ಅಷ್ಟೆ.

ಅವನು ಮುಗಿಸಿದ. ಗೂಡಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದ, ಹೊಸ ಸೆನ್ಸರ್ ಕೂರಿಸಿದ, ವೈರು ಎಲ್ಲೂ ಚಕ್ರಕ್ಕೆ ತಾಗದಂತೆ ಕಟ್ಟಿದ, ಬಯಲಲ್ಲಿ ಎರಡು ಸುತ್ತು ಓಡಿಸಿ ತಂದ. ದೀಪ ಆರಿತ್ತು.

ಪೊಕುವಾ ಸ್ಟಿಯರಿಂಗ್ ಹಿಂದೆ ಕುಳಿತು ಕೇಳಿದಳು. “ಬಲ್ಬ್ ಇದೆ ಅಂತ ಹೇಗೆ ತಿಳಿಯೋದು?”

ಎಂಜಿನ್ ಶುರುಮಾಡದೆ ಬರೀ ಕೀಲಿ ತಿರುಗಿಸಿದರೆ ದೀಪ ಹತ್ತಬೇಕು, ಸ್ವಲ್ಪ ಹೊತ್ತಿಗೆ ತಾನೇ ಆರಬೇಕು, ಹತ್ತದೇ ಇದ್ದರೆ ಇಲ್ಲವೆಂದೇ ಅರ್ಥ ಎಂದು ಕ್ವಾಕು ಹೇಳಿಕೊಟ್ಟ. ಅವಳು ತಿರುಗಿಸಿದಳು. ಹತ್ತಿತು, ಆರಿತು. ಮತ್ತೆ ತಿರುಗಿಸಿದಳು. ಮೂರನೇ ಸಲವೂ ತಿರುಗಿಸಿದಳು. ಅವನು ಬಾಗಿಲ ಪಕ್ಕದಲ್ಲಿ ಅಪರಾಧಿಯಂತೆ ನಿಂತಿದ್ದ.

“ಶನಿವಾರ ಬಾ. ಮಕ್ಕಳಿಗೆ ಇದು ಗೊತ್ತಾಗೋದು ಬೇಡ,” ಎಂದಳು. ಮತ್ತೆ, “ಬರ್ತೀನಿ, ಕ್ವಾಕು.”

ಹೆಸರು ಹಿಡಿದು ಅವಳು ಅವನನ್ನು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶನಿವಾರ ಅವನು ಅಪ್ಪನ ಕುರ್ಚಿಯಲ್ಲಿ ಕುಳಿತ. ಕೆಂಕೆಯ ಬುಟ್ಟಿ ಹೊತ್ತು ನಾನೂ ಹೋಗಿದ್ದೆ. ಪೊಕುವಾ ಅವನಿಗೆ ಫುಫು ಮುದ್ದೆ, ಆಡಿನ ಮಾಂಸದ ಸಾರು ಬಡಿಸಿದಳು. ಬೀಗರಿಗೆ ಬಡಿಸಿದಷ್ಟೇ ಮರ್ಯಾದೆಯಿಂದ, ಅಷ್ಟೇ ದೂರದಿಂದ. ಅವನು ತಟ್ಟೆ ಬರಿದು ಮಾಡಿದ, ಆದರೆ ಉಂಡವನಂತೆ ಕಾಣಲಿಲ್ಲ.

ಕಾರು ಈಗಲೂ ಅವನ ಶೆಡ್ಡಿಗೇ ಬರುತ್ತದೆ. ಬೇರೆ ಫಿಟ್ಟರ್ ಹತ್ತಿರ ಪೊಕುವಾ ಹೋಗಿಲ್ಲ. ಕೆಲಸ ಮುಗಿದ ಮೇಲೆ ಕೀಲಿ ತಿರುಗಿಸಿ, ದೀಪ ಹತ್ತಿ ಆರುವುದನ್ನು ನೋಡಿ, “ಬರ್ತೀನಿ, ಕ್ವಾಕು” ಎಂದು ಹೊರಡುತ್ತಾಳೆ. ಕಾರು ಟೈರಿನ ಅಂಗಡಿ ದಾಟಿ ತಿರುಗುವವರೆಗೂ ಅವನು ಮಸಿಬಟ್ಟೆ ಹಿಡಿದು ಅಲ್ಲೇ ನಿಂತಿರುತ್ತಾನೆ. ಆಮೇಲೆ ನನ್ನ ಬೆಂಚಿಗೆ ಬಂದು ಕೂರುತ್ತಾನೆ. ಹೊಟ್ಟೆಗೆ ಏನಾದರೂ ಹಾಕಿಕೊಂಡೆಯಾ ಎಂದು ಈಗ ನಾನೇ ಕೇಳುತ್ತೇನೆ.