ದೇವಿ ಡಾಕ್ಟರು ಹಾಕದ ಸಹಿ

ದೇವಿ ಡಾಕ್ಟರ ಎಡತೋಳು ಭುಜದಿಂದ ಮೊಣಕೈವರೆಗೆ ಹುಳ ತಿಂದ ಎಲೆಯಂತಿತ್ತು. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಿದ್ದರು. ಅದರ ಲಸಿಕೆ ಹಾಕಲು ಅವರು ಲಿಂಗಸುಗೂರಿನಿಂದ ಸೈಕಲ್ ಮೇಲೆ ಹಳ್ಳಿಗಳಿಗೆ ಹೋಗುತ್ತಿದ್ದರು. ಒಮ್ಮೆ ಸಂತೆಕಲ್ಲೂರಿನಲ್ಲಿ ಜನ ಬಾಗಿಲು ಹಾಕಿಕೊಂಡಾಗ, ಕಟ್ಟೆಯ ಮೇಲೆ ಕೂತು ಅಂಗಿ ಕಳಚಿ ತಮಗೇ ಚುಚ್ಚಿಕೊಂಡರಂತೆ. "ನಾ ಸತ್ರ ನೀವು ಹಾಕಿಸ್ಕೋಬ್ಯಾಡ್ರಿ" ಎಂದರಂತೆ. ಆಮೇಲೆ ಊರೂರಲ್ಲೂ ಅದೇ ರೂಢಿಯಾಯಿತು. ಅಂಥವರು ನನಗೆ ಮಾತ್ರ ಹಾಕುವುದಿಲ್ಲ ಎಂದರು.

೧೯೫೪ರ ಮಾತು. ಲಿಂಗಸುಗೂರಿನಲ್ಲಿ ಬಸ್ ನಿಲ್ಲುವ ಜಾಗದ ಹತ್ತಿರ ನನ್ನದೊಂದು ಸಣ್ಣ ಫೋಟೋ ಅಂಗಡಿ. ಸಿಂಧನೂರಿನ ಹತ್ತಿ ಮಿಲ್ಲಿನ ಮಾಲಕರಿಗೆ ಬೇಟೆಯ ಹುಚ್ಚು. ನೈರೋಬಿಯಲ್ಲಿ ಅವರ ಬೀಗರಿದ್ದರು. ಒಂದು ದಿನ ಅಂಗಡಿಗೇ ಬಂದು, "ಲೇ ಫೋಟೋದವನ, ಆಫ್ರಿಕಾಕ್ಕ ಬೇಟೆಗೆ ಹೊಂಟೀನಿ. ಸಿಂಹದ ಫೋಟೋ ತಗೀತಿ ಏನು?" ಎಂದು ಕೇಳಿದರು. ಅಲ್ಲಿಯವರೆಗೆ ನಾನು ತೆಗೆದದ್ದೆಲ್ಲ ಗುಮಾಸ್ತರ ಮುಖ, ಮದುವೆಯ ಗುಂಪು. ಹೂಂ ಎಂದುಬಿಟ್ಟೆ.

ಹಳದಿ ಜ್ವರದ ಚುಚ್ಚುಮದ್ದು ಮುಂಬೈಯಲ್ಲಿ ಸಿಗುತ್ತಿತ್ತು. ಸಿಡುಬಿನದು ಊರಲ್ಲೇ ಆಗಿ, ಎಂಟನೆಯ ದಿನ ಗುಳ್ಳೆ ಎದ್ದದ್ದನ್ನು ನೋಡಿ ಸರಕಾರಿ ಡಾಕ್ಟರು ಸಹಿ ಮಾಡಿ ಮುದ್ರೆ ಒತ್ತಬೇಕಿತ್ತು. ಆ ಕಾಗದವಿಲ್ಲದೆ ಹಡಗಿಲ್ಲ. ಚಿಕ್ಕವನಿದ್ದಾಗ ಲಸಿಕೆಯವರು ಬಂದಾಗ ಅವ್ವ ನನ್ನನ್ನು ಬಗಲಲ್ಲೆತ್ತಿಕೊಂಡು ಹೊಲಕ್ಕೆ ಓಡಿಹೋಗಿದ್ದರಿಂದ ನನಗೆ ಲಸಿಕೆಯೇ ಆಗಿರಲಿಲ್ಲ.

ನಮ್ಮೂರ ಸರಕಾರಿ ಡಾಕ್ಟರೆಂದರೆ ದೇವಿ ಡಾಕ್ಟರೇ; ಸುದ್ದಿ ಕೇಳಿ ನನಗಿಂತ ಹೆಚ್ಚು ಹಿಗ್ಗಿದರು. ಶಾಲೆಯಿಂದ ನಕಾಶೆ ತರಿಸಿ ಮೇಜಿನ ಮೇಲೆ ಹಾಸಿದರು. "ಒಂದು ವಾರ ಮೊದ್ಲ ಕ್ವಿನೈನ್ ಚಾಲೂ ಮಾಡು. ಸೊಳ್ಳಿ ಪರದಾ ಬಿಟ್ಟು ಮಲಗಬ್ಯಾಡ. ನಿಂತ ನೀರಾಗ ಕಾಲ ಇಡಬ್ಯಾಡ. ಅಲ್ಲೊಂದು ನೊಣ ಐತಿ, ಅದು ಕಡಿದ್ರ ನಿದ್ದಿ ರೋಗ." ಓದು ಮುಗಿದ ಮೇಲೆ ರಾಯಚೂರು ದಾಟಿರದ ಮನುಷ್ಯನಿಗೆ ಇದೆಲ್ಲ ಎಲ್ಲಿಂದ ಗೊತ್ತೋ. ಕೊನೆಗೆ "ತೋಳು ಏರಿಸು" ಎಂದರು. ಏರಿಸಿದೆ. ಅವರು ಸೂಜಿ ಕೆಳಗಿಟ್ಟರು.

ಫೋಟೋ ತೊಳೆಯುವ ಔಷಧಿಯಿಂದ ನನ್ನ ಕೈಗಳು ಮೊಣಕೈವರೆಗೆ ಇಸುಬು ಹತ್ತಿ ಒಡೆದಿದ್ದವು.

"ಈ ಕೈಗೆ ನಾ ಚುಚ್ಚಂಗಿಲ್ಲ ತಮ್ಮಾ. ಲಸಿಕಿ ಗಾಯಕ್ಕೆಲ್ಲ ಹರಡತೈತಿ. ಮೊದ್ಲು ಮಾಯಲಿ."

ಮುಲಾಮು ಕೊಟ್ಟು, ಫೋಟೋದ ಔಷಧಿ ಮುಟ್ಟಬೇಡ ಎಂದರು. ಮುಟ್ಟದಿದ್ದರೆ ಹೊಟ್ಟೆಗೇನು? ಹತ್ತು ದಿನ ಬಿಟ್ಟು ಹೋದಾಗ ಕೈ ಹಿಡಿದು ಮೂಸಿದರು. "ಬಿಟ್ಟಿಲ್ಲ ನೀ." ಮತ್ತೆ ಹತ್ತು ದಿನ. ಮತ್ತೆ ಅದೇ ಮಾತು. ಅಷ್ಟರಲ್ಲಿ ಮಿಲ್ಲಿನವರಿಂದ ಹೇಳಿಕೆ ಬಂತು: ಬರುವ ಗುರುವಾರ ಕಾಗದ ಕೈಯಲ್ಲಿರಬೇಕು, ಇಲ್ಲದಿದ್ದರೆ ಬೇರೆಯವನನ್ನು ನೋಡುತ್ತೇನೆ.

ಮಸ್ಕಿಗೆ ಹೋದೆ. ಅಲ್ಲೊಬ್ಬ ಖಾಸಗಿ ವೈದ್ಯ ತೋಳೂ ನೋಡದೆ ಲಸಿಕೆ ಹಾಕಿದ್ದೇನೆಂದು ಬರೆದುಕೊಟ್ಟ. ಅದಕ್ಕೆ ಸರಕಾರಿ ಮುದ್ರೆ ಹಾಕಿಸಲು ಮತ್ತೆ ದೇವಿ ಡಾಕ್ಟರ ಮುಂದೆಯೇ ನಿಲ್ಲಬೇಕಾಯಿತು. ಓದಿದರು, ಮಡಿಚಿದರು, ಮೇಜಿನ ಖಾನೆಯೊಳಗೆ ಹಾಕಿಕೊಂಡರು.

"ಹಡಗದಾಗ ಯಾರಿಗರ ದೇವಿ ಬಂದ್ರ, ಈ ಕಾಗದ ಕಾಯ್ತೈತೇನು ನಿನ್ನ?"

ಸಿಟ್ಟಿನಲ್ಲಿ ಅಂದೆ: "ನಿಮಗಂತೂ ಈ ಜಿಲ್ಲಾ ದಾಟಾಕ ಆಗಲಿಲ್ಲ. ಇನ್ನೊಬ್ರು ದಾಟೋದು ನೋಡಾಕ ಆಗವಲ್ದು ನಿಮಗ."

ಅವರು ಮೇಜಿನ ಖಾನೆ ಮುಚ್ಚಿದರು. "ನಮ್ಮಕ್ಕನ ಮಗಳಿಗೂ ಇಸುಬಿತ್ತು. ಎಲ್ಲಾರೂ ಬ್ಯಾಡ ಅಂದ್ರು. ನಮ್ಮ ಮನಿ ಕೂಸಿಗೇ ಹಾಕದಿದ್ರ ಊರವ್ರಿಗೆ ಏನ್ ಹೇಳ್ಲಿ ಅಂತ ಚುಚ್ಚಿದೆ. ಮೈತುಂಬ ಎದ್ವು. ಹನ್ನೆರಡನೇ ದಿನ ಹೋತು."

ಎದ್ದು ಬಂದೆ. ಕನಿಕರ ಹುಟ್ಟಿತೆಂದರೆ ಸುಳ್ಳಾದೀತು. ನಿಮ್ಮ ಮನೆಯ ಕೂಸಿಗೆ ಆದದ್ದಕ್ಕೆ ನಾನೇಕೆ ಇಲ್ಲಿ ಕೊಳೆಯಬೇಕು ಎಂದೇ ಅನಿಸಿತ್ತು.

ರಾಯಚೂರಿನ ಇನ್ನೊಬ್ಬ ಫೋಟೋದವನು ಹೋದ. ಆರೋಗ್ಯವಾಗಿಯೇ ತಿರುಗಿ ಬಂದ. ಮಿಲ್ಲಿನವರ ಪಡಸಾಲೆಯಲ್ಲಿ ಅವನು ತೆಗೆದ ಸಿಂಹವನ್ನು ಕಂಡೆ. ಬೆಳಕು ಹೆಚ್ಚಾಗಿ ಮುಖವೆಲ್ಲ ಬೆಳ್ಳಗಾಗಿತ್ತು. ಅದರ ಮುಂದೆ ನಿಂತು ನನಗೆ ಅಳು ಬಂತು.

ಆ ವರ್ಷ ಡಾಕ್ಟರನ್ನು ಕಂಡರೆ ದಾರಿ ಬದಲಿಸುತ್ತಿದ್ದೆ. ಅವರು ಮಾತ್ರ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ ನನ್ನ ಕೈ ನೋಡಿಯೇ ಹೋಗುವವರು. ಔಷಧಿಯ ಕೆಲಸಕ್ಕೆ ಇಕ್ಕಳ ಹಿಡಿಯುವುದನ್ನು ಕಲಿತ ಮೇಲೆ ಚರ್ಮ ಮಾಯಿತು. ಮರುದಿನವೇ ಪೆಟ್ಟಿಗೆ ಹಿಡಿದು ಬಂದರು. ನನಗಿನ್ನು ಎಲ್ಲಿಗೂ ಹೋಗುವುದಿರಲಿಲ್ಲ, ಬೇಡವೆಂದೆ. "ನಾ ಹಾಕ್ತೀನಿ. ಎಲ್ಲಿಗರ ಹೋಗು, ಇಲ್ಲಂದ್ರ ಇಲ್ಲೇ ಇರು" ಎಂದು ತಾವೇ ನನ್ನ ತೋಳು ಏರಿಸಿ ಚುಚ್ಚಿದರು.

ಮುಂದಿನ ಬೇಸಿಗೆಯಲ್ಲಿ ನಮ್ಮ ಓಣಿಗೆ ದೇವಿ ಬಂತು. ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರೂ ಮಲಗಿದರು. ಅವರಿಗೆ ನೀರು ಗಂಜಿ ಕೊಟ್ಟವನು ನಾನೇ. ಗಂಡ ಉಳಿಯಲಿಲ್ಲ. ನನ್ನ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಹೋಗಿ ಡಾಕ್ಟರಿಗೆ ಒಂದು ಮಾತು ಹೇಳಬೇಕೆಂದುಕೊಂಡೆ. ಹಳೆಯ ಸಿಟ್ಟು ಬಿಡಲಿಲ್ಲ. ಇಂದು ನಾಳೆ ಎನ್ನುವುದರಲ್ಲಿ ವರ್ಷ ಕಳೆಯಿತು. ೧೯೫೬ರಲ್ಲಿ ಹಳ್ಳಿಯಿಂದ ತಿರುಗಿ ಬರುವಾಗ ದಾರಿಯಲ್ಲೇ ಎದೆ ಹಿಡಿದು ಹೋಗಿಬಿಟ್ಟರು.

ತಿಂಗಳಾದ ಮೇಲೆ ಅವರ ಹೆಂಡತಿ ಅಂಗಡಿಗೆ ಬಂದರು. "ನಿಮ್ಮ ಹಂತ್ಯಾಕ ಅವರದೊಂದು ಫೋಟೋ ಇರಬೇಕಲ್ರೀ?"

ಊರಿನ ಗುಮಾಸ್ತರೆಲ್ಲ ನನ್ನ ಗಾಜಿನ ನೆಗೆಟಿವ್ ಡಬ್ಬಿಗಳಲ್ಲಿದ್ದರು. ದವಾಖಾನೆಯ ಗುಂಪಿನ ಫೋಟೋ ಎರಡಿದ್ದವು. ಎರಡೂ ಸಲ ಅವರು ಯಾವುದೋ ಹಳ್ಳಿಯಲ್ಲಿದ್ದರು. ಆಕೆಯನ್ನು ಕೂಡಿಸಿ ಒಂದೊಂದೇ ಗಾಜನ್ನು ಬೆಳಕಿಗೆ ಹಿಡಿಯುತ್ತ ಹೋದೆ. ಇಲ್ಲವೆಂದು ನನಗೆ ಮೊದಲೇ ಗೊತ್ತಿತ್ತು.