ಇಳಿಜಾರಿನಲ್ಲಿ ಅಳೆದ ಗೇರೆಣ್ಣೆ

ಕೊಡಗು ಮೈಸೂರಿಗೆ ಸೇರದೆ ಇನ್ನೂ ತಾನೇ ಒಂದು ರಾಜ್ಯವಾಗಿದ್ದಾಗ, ಮಡಿಕೇರಿ ಕಡೆಯ ಗುಡ್ಡದ ಮನೆಗೆ ಸೊಸೆಯಾಗಿ ಬಂದವಳು ನಾನು. ತವರು ಶಿರಂಗಾಲ, ಅಲ್ಲಿ ನೆಲವೆಂದರೆ ಹಾಸಿದ ಚಾಪೆ. ಇಲ್ಲಿ ಅಂಗಳದಲ್ಲಿ ನಿಂಬೆಹಣ್ಣು ಬಿದ್ದರೆ ತೋಟದ ತಳದಲ್ಲಿ ಹುಡುಕಬೇಕು.

ನಮ್ಮವರು ಮಿಲಿಟರಿಯವರು ಮಾರಿದ ಹಳೇ ಜೀಪೊಂದನ್ನು ತಂದಿದ್ದರು. ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಹೋಗುವುದು; ಜಂಬ ತಡೆಯಲಾರದೆ, ಸೋಮವಾರ ಜೀಪಿನಲ್ಲೇ ಬರುತ್ತೇವೆಂದು ಅವ್ವನಿಗೆ ಕಾಗದ ಬರೆದುಬಿಟ್ಟೆ. ಅವ್ವ ಅದನ್ನು ಇಡೀ ಬೀದಿಗೆ ಓದಿಸಿರುತ್ತಾಳೆ. ಇನ್ನು ಬಸ್ಸಿನಿಂದ ಇಳಿದರೆ ನನ್ನ ಮಾನ ಏನಾಗಬೇಕು?

ಕಾಗದ ಹೋದ ಮಾರನೆಯ ದಿನವೇ ಜೀಪು ಸೋರತೊಡಗಿತು. ಇವರು ಬೆರಳಿಗೆ ಹಚ್ಚಿ ಮೂಸಿದರು. “ಇಂಜಿನ್ ಎಣ್ಣೆ ಅಲ್ಲ ಕಣೇ, ಗೇರ್ ಬಾಕ್ಸಿಗೆ ಹಾಕೋ ಗೇರೆಣ್ಣೆ. ಅದನ್ನ ತಡೆಯೋ ಸೀಲು ಹೋಗಿದೆ. ಹೊಸದು ಬರೋವರೆಗೆ ಹದಿನೈದು ದಿನ ಎಲ್ಲಿಗೂ ಹೋಗೋ ಹಂಗಿಲ್ಲ.”

ಗೇರ್ ಬಾಕ್ಸಿನ ಪಕ್ಕದಲ್ಲೊಂದು ತೂತು. ಎಣ್ಣೆ ಅದರ ಅಂಚಿನವರೆಗೆ ಇರಬೇಕಂತೆ. ಜೀಪು ತಂದಾಗಿನಿಂದ ಇವರು ದಿನಾ ಬೆಳಿಗ್ಗೆ ಅದರೊಳಗೆ ಬೆರಳಿಡುವರು, ಬೆರಳು ಒಣಗಿರುವುದು, ಇನ್ನಷ್ಟು ಎಣ್ಣೆ ಹೊಯ್ಯುವರು. ಸೋರತೊಡಗಿದ ಮೇಲೂ ಅದೇ; ಜೀಪು ಇನ್ನಷ್ಟು ಸೋರುವುದು.

ನನಗೆ ಮೈಯೆಲ್ಲ ಉರಿಯಿತು. ಸೀಮೆಎಣ್ಣೆ ಬಟ್ಟೆಯಿಂದ ಗೇರ್ ಬಾಕ್ಸನ್ನು ಚೆನ್ನಾಗಿ ಒರೆಸಿ, ಒಲೆಯ ಬೂದಿ ಎರಚಿ, ತೋಟದ ದಾರಿಯಲ್ಲಿ ಒಂದು ಸುತ್ತು ಹೊಡೆಸಿದೆ. ಜೀಪು ಬಂದು ನಿಂತ ಮೇಲೆ ಸೆರಗು ಸಿಕ್ಕಿಸಿಕೊಂಡು ಅಡಿಗೆ ನುಸುಳಿದೆ. ಬೂದಿ ಮುಂದೆ ಒದ್ದೆ, ಹಿಂದೆ ಒದ್ದೆ, ಮೇಲೆ ಗೇರ್ ಕೋಲಿನ ಬುಡದಲ್ಲೂ ಒದ್ದೆ.

“ರೀ, ಸೀಲು ಹರಿದ್ರೆ ಒಂದು ಕಡೆ ಸೋರ್ಬೇಕು. ಎಲ್ಲಾ ಕಡೆ ಒಟ್ಟಿಗೆ ಹರೀತಾ?”

ಹಾಗೆ ಕೇಳುತ್ತಲೇ ನನ್ನ ಕಾಲು ಇಳಿಜಾರಿನಲ್ಲಿ ಕೆಳಕ್ಕೆ ಜಾರಿತು. ಆಗ ಹೊಳೆಯಿತು. ಬ್ಯಾಟರಿ ಸತ್ತಿದ್ದರಿಂದ, ಉರುಳಿಸಿ ಸ್ಟಾರ್ಟ್ ಮಾಡಲೆಂದು ಇವರು ಜೀಪನ್ನು ಯಾವಾಗಲೂ ಮೂತಿ ಕೆಳಗೆ ಮಾಡಿಯೇ ನಿಲ್ಲಿಸುತ್ತಿದ್ದರು. ಎಣ್ಣೆಯೆಲ್ಲ ಮುಂದಕ್ಕೆ ಹರಿದಿರುತ್ತಿತ್ತು. ತೂತು ಇದ್ದದ್ದು ಹಿಂದೆ; ಒಳಗೆ ಎಣ್ಣೆ ಎಷ್ಟೇ ಇದ್ದರೂ ಬೆರಳು ಒಣಗಿಯೇ ಇರುತ್ತಿತ್ತು.

ನಮ್ಮಲ್ಲಿ ಸಮನಾದ ಜಾಗವೆಂದರೆ ಕಾಫಿ ಒಣಗಿಸುವ ಕಣ ಒಂದೇ. ಅತ್ತೆ ಅದನ್ನು ಆಗಷ್ಟೇ ಸಗಣಿ ಸಾರಿಸಿದ್ದರು. “ಕಣಕ್ಕೆ ಗೇರೆಣ್ಣೆ ಬಿದ್ರೆ ಆ ಕಾಫೀನ ಯಾರು ಕುಡೀತಾರೆ?” ಎಂದು ಅಡ್ಡ ನಿಂತರು. ನಾನು ಮೂರು ಪದರ ಗೋಣಿ ಹಾಸಿ, ಮೇಲೆ ಬಾಣಲೆ ಇಟ್ಟೆ. ಜೀಪು ಕಣಕ್ಕೆ ಬಂತು. ತೂತಿನ ಬಿರಡೆ ಬಿಚ್ಚಿದ್ದೇ ತಡ, ಎಣ್ಣೆ ಬುಳಬುಳನೆ ಸುರಿದು ಬಾಣಲೆ ಅರ್ಧ ತುಂಬಿ ತಾನಾಗಿ ನಿಂತಿತು. ಮತ್ತೆ ಬೂದಿ ಎರಚಿ ಓಡಿಸಿದರೆ ಒಂದು ಹನಿಯೂ ಇಲ್ಲ.

“ಇಳಿಜಾರಲ್ಲಿ ಅಳತೆ ಮಾಡೋ ಮಗನ್ನ ಹೆತ್ತೆನಲ್ಲಪ್ಪಾ!” ಎಂದು ಅತ್ತೆ ಸೊಂಟ ಹಿಡಿದುಕೊಂಡು ನಕ್ಕರು. ನಾನು ಕಣದಲ್ಲೇ ಕುಣಿಯುವುದೊಂದು ಬಾಕಿ.

ಸೋಮವಾರ ಶಿರಂಗಾಲದ ಬೀದಿಯ ತುಂಬ ಹಾರನ್ ಹೊಡೆಸಿಕೊಂಡು ಹೋದೆ. ಇವರು ಮಾತ್ರ ಊರೆಲ್ಲ ಸುತ್ತಿ ಬಂದು ಪೆಚ್ಚಾಗಿ ಕೇಳಿದರು, “ಮಾವ, ಇಲ್ಲಿ ಇಳಿಜಾರು ಎಲ್ಲಿದೆ?”

“ಶಿರಂಗಾಲದಾಗಾ? ಬರೋವಾಗ ನೀವೇ ತರ್ಬೇಕಿತ್ತು ಅಳಿಯಂದ್ರೆ,” ಎಂದ ಅಪ್ಪ.

ಮಾರನೆಯ ದಿನ ಜೀಪು ಮಿಸುಕಲಿಲ್ಲ. ತಳ್ಳಲು ನಾಲ್ಕು ಜನ ಬೇಕೆಂದರು ಇವರು. ಅಪ್ಪ ಮುಖ ಸಪ್ಪಗೆ ಮಾಡಿಕೊಂಡು, “ಎಲ್ಲಾ ಭತ್ತದ ಕುಯ್ಲಿಗೆ ಹೋಗವ್ರೆ. ನಾಡಿದ್ದು ಸಿಗ್ತಾರೆ,” ಎಂದ.

ಎದುರುಮನೆಯ ಜಗಲಿಯಲ್ಲಿ ಆರು ಗಂಡಸರು ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದರು. ನಾನು ನೋಡಿಯೂ ನೋಡದವಳಂತೆ ಒಳಗೆ ಹೋಗಿ, ಜಡೆ ಬಿಚ್ಚಿ, ಎಣ್ಣೆ ಹಚ್ಚು ಎಂದು ಅವ್ವನ ಮುಂದೆ ಕೂತೆ.