ಎತ್ತು ತಿರುಗಿ ಮಲಗಿದ ಫೋಟೊ

ಹೊಸನಗರದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮದುವೆಯ ಕಾಲದಲ್ಲಿ ಮದುಮಗಳ ಮುಖ, ಉಳಿದ ಕಾಲದಲ್ಲಿ ಬರೀ ಹುಬ್ಬು. ಮೇಕಪ್ ಮುಗಿದ ಮೇಲೆ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಬೇಕು, ಇಲ್ಲದಿದ್ದರೆ ಮುಂದಿನ ಮದುಮಗಳು ಬರುವುದಿಲ್ಲ. ಅದಕ್ಕೆಂದೇ ಒಳ್ಳೆಯ ಕ್ಯಾಮೆರಾ ಇರುವ ಫೋನ್ ಕೊಂಡೆ. ಮದುಮಗಳಂದಿರು ಕ್ಲಿಕ್ ಮಾಡುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಾರೆ, ಆಮೇಲೆ ಮೂಗು ಸ್ವಲ್ಪ ಸಣ್ಣ ಮಾಡಿಕೊಡಿ ಎನ್ನುತ್ತಾರೆ. ಸೂರ್ಯನಿಗೆ ಇಂಥ ಕಿರಿಕಿರಿ ಇರಲಾರದು ಎಂದುಕೊಂಡು ಒಂದು ಸಂಜೆ ಅವನ ಕಡೆಗೆ ಫೋನ್ ತಿರುಗಿಸಿದೆ. ನನ್ನ ಅಂದಾಜು ಪೂರ್ತಿ ತಪ್ಪಾಗಿತ್ತು.

ಮೊದಲ ಫೋಟೊಗಳಲ್ಲಿ ಆಕಾಶದ ನಡುವೆ ಒಂದು ಬಿಳಿ ಚುಕ್ಕೆ, ಕೆಳಗೆ ಕರಿ ನೆಲ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮೊದಲ ಫೋಟೊ ನೋಡಿ, “ಇಡ್ಲಿ ಚೆನ್ನಾಗಿ ಬಂದಿದೆ, ಚಟ್ನಿ ಎಲ್ಲಿ?” ಎಂದು ಕೇಳಿದರು. ಆ ಮಾತಿಗೆ ಶಿಕ್ಷೆಯಾಗಿ ಅಂದಿನಿಂದ ಟ್ರೈಪಾಡ್ ಹೊರುವ ಕೆಲಸ ಅವರದ್ದೇ ಆಯಿತು.

ಮಾಸ್ತಿಕಟ್ಟೆಗೆ ಹೋದೆವು, ಆಗುಂಬೆಗೆ ಹೋದೆವು. ಆಗುಂಬೆಯಲ್ಲಿ ನಿಂತರೆ ಸೂರ್ಯ ಸಮುದ್ರಕ್ಕೆ ಇಳಿಯುವುದು ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾವು ಹೋದಾಗಲೆಲ್ಲ ಇಳಿದದ್ದು ಮೋಡ. ಆದರೂ ಹೋಗಿ ಬಂದು ಕೆಲವು ವಿಷಯ ಕಲಿತೆ. ಪರದೆಯ ಮೇಲೆ ಸೂರ್ಯನನ್ನೇ ಮುಟ್ಟಿ ಬೆಳಕನ್ನು ಕೆಳಗೆಳೆಯಬೇಕು. ಅದಕ್ಕೂ ಮೊದಲು ಲೆನ್ಸನ್ನು ಸೆರಗಿನಲ್ಲಿ ಒರೆಸಬೇಕು, ಯಾಕೆಂದರೆ ನನ್ನ ಬೆರಳಿನಲ್ಲಿ ಯಾವಾಗಲೂ ಕ್ರೀಮು ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಸೂರ್ಯ ಹೋದ ಮೇಲೂ ಕಾಯಬೇಕು. ಜನ ಬೈಕ್ ಸ್ಟಾರ್ಟ್ ಮಾಡಿ ಹೊರಟ ಮೇಲೆಯೇ ಆಕಾಶಕ್ಕೆ ನಿಜವಾದ ಬಣ್ಣ ಬರುವುದು. ಸೊಳ್ಳೆ ಹೊಡೆದುಕೊಳ್ಳುತ್ತ ಯಜಮಾನರು ಗೊಣಗುತ್ತಿದ್ದರು: “ಮುಳುಗಿ ಆಯ್ತಲ್ಲ ಮಾರಾಯ್ತಿ. ಇನ್ನೇನು ವಾಪಸ್ ಬರ್ತಾನಾ?”

ಎಡಿಟಿಂಗ್ ಕಲಿತದ್ದು ಇನ್ನೊಂದು ರಾಮಾಯಣ. ಬಣ್ಣ ಹೆಚ್ಚಿಸುವ ಗುಂಡಿ ಸಿಕ್ಕಿದ್ದೇ ತಡ, ಎಲ್ಲವನ್ನೂ ಕೊನೆಯವರೆಗೆ ಎಳೆದೆ. ಹೊಳೆ ಕುಂಕುಮದ ನೀರಾಯಿತು, ಮರಗಳು ಗಿಳಿಹಸಿರಾದವು. ಹದಿನೈದು ವರ್ಷದಿಂದ ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆಲ್ಲ ನಾನೇ ಹೇಳುತ್ತ ಬಂದಿದ್ದೇನೆ, ಮೇಕಪ್ ಮಾಡಿದ್ದು ಗೊತ್ತಾಗಬಾರದು, ಮುಖ ಗೊತ್ತಾಗಬೇಕು ಎಂದು. ಸೂರ್ಯನ ಮುಖಕ್ಕೆ ಬಂದಾಗ ಅದೆಲ್ಲ ಮರೆತೇಹೋಗಿತ್ತು. ಆಮೇಲೆ ಕೈ ಹಿಡಿತಕ್ಕೆ ಬಂತು.

ಹೀಗಿರುವಾಗ ತೀರ್ಥಹಳ್ಳಿಯಲ್ಲಿ ಅಕ್ಕ ಹೊಸ ಮನೆ ಕಟ್ಟಿಸಿದಳು. “ಹಾಲ್‌ನಲ್ಲಿ ಒಂದು ದೊಡ್ಡ ಗೋಡೆ ಖಾಲಿ ಇದೆ ಕಣೇ. ಅಂಗಡಿ ಫೋಟೊ ಬೇಡ, ನೀನು ತೆಗ್ದಿದ್ದು ಒಂದು ಮಾಡಿಸ್ಕೊಡು” ಎಂದಳು. ಅಲ್ಲಿಯವರೆಗೆ ನನ್ನ ಫೋಟೊಗಳಿಗೆ ಹೆಬ್ಬೆರಳು ಎತ್ತಿದವರು ಬಹಳ, ಬೇಕು ಎಂದು ಕೇಳಿದವರು ಯಾರೂ ಇರಲಿಲ್ಲ. ಆ ಗೋಡೆ ನನಗೆ ಬೇಕೇ ಬೇಕು ಅನ್ನಿಸಿತು. ಮಲಗಿದರೂ ಎದ್ದರೂ ಅದೇ ಗೋಡೆ.

ಬೇಸಿಗೆಯಲ್ಲಿ ಶರಾವತಿ ಹಿನ್ನೀರಿನ ದಂಡೆಗೆ ಹೋದೆವು. ನೀರು ಇಳಿದು, ಮುಳುಗಿದ ಕಾಲದ ಮರಗಳ ಒಣ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿದ್ದವು. ಆಚೆ ದಡದಲ್ಲಿ ಒಂದು ಉದ್ದನೆಯ ಗುಡ್ಡ. ಬಲಗಡೆಗೆ ತಲೆ ಇಟ್ಟು, ಡುಬ್ಬ ಎತ್ತಿ ಮಲಗಿದ ಎತ್ತಿನ ಹಾಗೆ ಕಾಣುತ್ತಿತ್ತು. ಸೂರ್ಯ ಸರಿಯಾಗಿ ಅದರ ಡುಬ್ಬದ ಪಕ್ಕಕ್ಕೆ ಇಳಿದ. ತೆಳು ಮೋಡ ಒಂದಿತ್ತು, ಅದು ಎಲ್ಲ ಬಣ್ಣವನ್ನೂ ಹಿಡಿದುಕೊಂಡಿತು. ಯಜಮಾನರು ಅವತ್ತು ಸೊಳ್ಳೆಯ ಸುದ್ದಿ ಎತ್ತಲಿಲ್ಲ. ಇದೇ ಗೋಡೆಯ ಫೋಟೊ ಎಂದು ಇಬ್ಬರಿಗೂ ಗೊತ್ತಾಯಿತು.

ಸೂರ್ಯಾಸ್ತದ ಒಳ್ಳೆಯ ಫೋಟೊ ಸಿಕ್ಕಿದೆ ಎಂದು ರಾತ್ರಿಯೇ ಅಕ್ಕನಿಗೆ ಹೇಳಿದ್ದೆ. ಮಾರನೆಯ ದಿನ ಅವಳ ಫೋನ್ ಬಂತು, ದನಿ ಸಣ್ಣಗಿತ್ತು. “ಅತ್ತೆ ಬೇಡ ಅಂತಿದಾರೆ ಕಣೇ. ಮುಳುಗೋ ಸೂರ್ಯನ್ನ ಹೊಸ ಮನೆ ಗೋಡೆಗೆ ಯಾರಾದ್ರೂ ಹಾಕ್ತಾರಾ ಅಂತ.”

ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಆ ಮನೆಯಲ್ಲಿ ಪೊರಕೆ ಯಾವ ಮೂಲೆಯಲ್ಲಿ ನಿಲ್ಲಬೇಕು ಎನ್ನುವುದೂ ಅವರದೇ ತೀರ್ಮಾನ. ಅವರ ತವರು ಮುಳುಗಡೆಯದು, ಅವರು ಚಿಕ್ಕವರಿದ್ದಾಗಲೇ ಅಣೆಕಟ್ಟಿನ ನೀರು ಬಂದು ಎಲ್ಲರೂ ಗಂಟು ಕಟ್ಟಿಕೊಂಡು ತೀರ್ಥಹಳ್ಳಿ ಕಡೆಗೆ ಬಂದವರು ಎಂದು ಕೇಳಿದ್ದೆ. ಯಾವ ಊರು ಎಂದು ವಿಚಾರಿಸಿರಲಿಲ್ಲ. ಈಗ ನನ್ನ ತಲೆಯಲ್ಲಿ ಇದ್ದದ್ದು ಆ ಗೋಡೆ ಒಂದೇ.

“ಅವರಿಗೆ ಮುಳುಗೋ ಸೂರ್ಯ ಬೇಡ ತಾನೆ? ಹುಟ್ಟೋ ಸೂರ್ಯ ಮಾಡು” ಎಂದರು ಯಜಮಾನರು. “ಪಶ್ಚಿಮ ಪೂರ್ವ ಆಗ್ಬೇಕು ಅಂದ್ರೆ ಫೋಟೊನ ಎಡಬಲ ತಿರುಗಿಸು. ಸುಲಭದ ಲೆಕ್ಕ.” ಲೆಕ್ಕದ ಮೇಷ್ಟ್ರು ಹೇಳಿದ ಮೇಲೆ ಅನುಮಾನವೇ? ತಿರುಗಿಸಿದೆ. ಕೆಂಪು ಇಳಿಸಿ ಹಳದಿ ಏರಿಸಿದೆ. ನೀರಿನ ಮೇಲೆ ಒಂದು ಎಳೆ ಬೆಳಗಿನ ಮಂಜು ತೇಲಿಬಿಟ್ಟೆ. ಬೊಡ್ಡೆಗಳು ಶುಭ ಕಾರ್ಯದ ಮನೆಗೆ ಚೆನ್ನಾಗಿರುವುದಿಲ್ಲ ಎಂದು, ಮದುಮಗಳ ಮೊಡವೆ ತೆಗೆದ ಹಾಗೆ ಒಂದೊಂದನ್ನೇ ಒರೆಸಿ ತೆಗೆದೆ. ಸಾಗರಕ್ಕೆ ಹೋಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿದೆವು. ಸೂರ್ಯೋದಯ ಎಂದು ಅತ್ತೆಗೆ ತಿಳಿಸಿದ್ದೂ ಆಯಿತು, ಅವರು ಆಗಬಹುದು ಎಂದದ್ದೂ ಆಯಿತು.

ಗೃಹಪ್ರವೇಶದ ದಿನ ಫೋಟೊ ಗೋಡೆಯ ಮೇಲಿತ್ತು. ಬಂದವರೆಲ್ಲ ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ನಾನು ಅತ್ತ ನೋಡದವಳ ಹಾಗೆ ಓಡಾಡುತ್ತ, ಯಾರು ಎಷ್ಟು ಹೊತ್ತು ನಿಂತರು ಎಂದು ಗಮನಿಸುತ್ತಿದ್ದೆ. ಊಟದ ಪಂಕ್ತಿ ಏಳುವ ಹೊತ್ತಿಗೆ ಅತ್ತೆ ಬಂದು ನಿಂತರು. ಕನ್ನಡಕ ಏರಿಸಿದರು, ಹತ್ತಿರ ಹೋದರು, ಹಿಂದೆ ಬಂದರು.

“ಇದು ಎಲ್ಲಿದು?”

“ಇಲ್ಲೇ ಅತ್ತೆ, ನಮ್ಮ ಕಡೆ ಹಿನ್ನೀರಿಂದು.”

“ಈ ಎತ್ತು ಯಾಕೆ ತಿರುಗಿ ಮಲಗಿದೆ?”

ನಾನು ಯಜಮಾನರ ಮುಖ ನೋಡಿದೆ. ಅವರು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ನಡೆದರು.

“ನಮ್ಮಪ್ಪನ ಮನೆ ಜಗಲಿಲಿ ಕೂತ್ರೆ ಎದುರಿಗೆ ಇದೇ ಗುಡ್ಡ. ಎತ್ತಿನ ಗುಡ್ಡ ಅಂತಿದ್ವಿ” ಎಂದರು ಅತ್ತೆ. “ಆದ್ರೆ ಅದರ ತಲೆ ಬಲಗಡೆಗೆ ಇತ್ತು. ನನಗೆ ವಯಸ್ಸಾಗಿದೆ ನಿಜ. ಅಷ್ಟೂ ಮರೆತು ಹೋಗುತ್ತಾ?”

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಗಾಬರಿ ಇತ್ತು. ತಮ್ಮ ನೆನಪೇ ಕೈಕೊಟ್ಟಿತೇನೋ ಎಂದು ಅವರು ಹೆದರಿದ್ದರು. ಗೋಡೆ ಹೋದರೆ ಹೋಗಲಿ ಎಂದು ಫೋನ್ ತೆಗೆದು ಮೊದಲಿನ ಫೋಟೊ ಅವರ ಕೈಗೆ ಕೊಟ್ಟೆ. “ನಿಮ್ಮ ನೆನಪು ಸರಿ ಇದೆ ಅತ್ತೆ. ಎತ್ತನ್ನ ತಿರುಗಿಸಿದ್ದು ನಾನು. ಇದು ಸಂಜೇದು.”

ಎರಡು ಬೆರಳಲ್ಲಿ ಫೋಟೊ ಹಿಗ್ಗಿಸುವುದನ್ನು ತೋರಿಸಿಕೊಟ್ಟೆ. ಅವರು ಡುಬ್ಬ ನೋಡಿದರು, ತಲೆ ನೋಡಿದರು. ಆಮೇಲೆ ಅವರ ಬೆರಳು ನೀರಿಗೆ ಇಳಿದು ಒಂದು ಬೊಡ್ಡೆಯ ಹತ್ತಿರ ನಿಂತಿತು.

“ಇದು ಹಿತ್ಲ ಹಲಸು ಇರ್ಬೇಕು” ಎಂದರು. ಸ್ವಲ್ಪ ಹೊತ್ತು ನೋಡಿ, “ಅಲ್ಲದಿದ್ರೂ ಅಡ್ಡಿಲ್ಲ. ನಾನು ಹಲಸೇ ಅಂದ್ಕೊಳ್ತೀನಿ” ಎಂದು ಸೇರಿಸಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನು ಮಾತ್ರ ಅಲ್ಲ.

“ಇದನ್ನ ಹಾಕ್ಸು ಗೋಡೆಗೆ.”

“ಅತ್ತೆ, ಇದ್ರಲ್ಲಿ ಸೂರ್ಯ ಮುಳುಗ್ತಿದಾನಲ್ಲ.”

“ಮುಳುಗ್ಲಿ ಬಿಡು ಮಾರಾಯ್ತಿ. ಅಲ್ಲಿ ಮುಳುಗಿದೋರಲ್ಲಿ ವಾಪಸ್ ಬರೋನು ಅವನೊಬ್ನೇ.”

ಸಾಗರದ ಪ್ರಿಂಟ್ ಅಂಗಡಿಯವನಿಗೆ ನಮ್ಮ ತಲೆ ನೆಟ್ಟಗಿದೆಯೋ ಎಂದು ಅನುಮಾನ ಬಂದಿರಬೇಕು. ಅದೇ ಗುಡ್ಡ, ಅದೇ ಅಳತೆ, ಈ ಸಲ ಎತ್ತು ಆಚೆ ಕಡೆಗೆ. ಮಂಜು ತೆಗೆದೆ, ಹಳದಿ ಇಳಿಸಿದೆ, ಒಂದು ಬೊಡ್ಡೆಯನ್ನೂ ಮುಟ್ಟಲಿಲ್ಲ. ತಿರುಗಿ ಮಲಗಿದ ಎತ್ತು ಈಗ ನನ್ನ ಪಾರ್ಲರಿನಲ್ಲಿದೆ. ಮದುಮಗಳಂದಿರು ಎಂಥ ಚೆಂದದ ಸೂರ್ಯೋದಯ ಎಂದು ಹೊಗಳುತ್ತಾರೆ, ನಾನು ಅವರ ಹುಬ್ಬಿನ ಕಡೆ ಗಮನ ಕೊಡುತ್ತೇನೆ.

ತೀರ್ಥಹಳ್ಳಿಗೆ ಹೋದಾಗೆಲ್ಲ ಆ ಗೋಡೆಯ ಎದುರಿಗೇ ಕೂರುತ್ತೇನೆ. ಮನೆಗೆ ಬಂದ ಹೊಸಬರಿಗೆ ಅತ್ತೆ ಅದನ್ನು ಸೂರ್ಯಾಸ್ತದ ಫೋಟೊ ಎಂದು ಹೇಳುವುದೇ ಇಲ್ಲ. “ಇದು ನಮ್ಮಪ್ಪನ ಮನೆ ಫೋಟೊ” ಎನ್ನುತ್ತಾರೆ. ಬಂದವರು ಕತ್ತು ಉದ್ದ ಮಾಡಿ ನೀರು, ಗುಡ್ಡ, ಆಕಾಶದಲ್ಲೆಲ್ಲ ಮನೆಯನ್ನು ಹುಡುಕುತ್ತಾರೆ. ಅತ್ತೆ ಅವರಿಗೆ ಕಾಫಿ ತರಲು ಒಳಗೆ ಹೋಗುತ್ತಾರೆ.